‘ಪವರ್’ ಎಂದರೆ ಬರೀ ಶಕ್ತಿಯೇ?

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯ ಮನೆಗಳಲ್ಲಿ ದಿನಬಳಕೆಯ ಇಂಗ್ಲಿಷ್ ಪದಗಳನ್ನು ಪಟ್ಟಿ ಮಾಡಿದರೆ ‘ಪವರ್’ ಮೊದಲ ಸಾಲಿನಲ್ಲೇ ಬಂದೀತು. ಕಾಳಿ ನದಿಯ ಉದ್ದಕ್ಕೂ ‘ಪವರ್ ಹೌಸ್’ಗಳಿವೆ. ಭತ್ತದ ಗದ್ದೆಯಲ್ಲಿ ‘ಪವರ್ ಟಿಲ್ಲರ್’ ಓಡುತ್ತದೆ. ಕನ್ನಡಕದ ಅಂಗಡಿಯಲ್ಲಿ ‘ಪವರ್’ ಪರೀಕ್ಷೆ ನಡೆಯುತ್ತದೆ. ಜಮೀನಿನ ವ್ಯವಹಾರಕ್ಕೆ ‘ಪವರ್ ಆಫ್ ಅಟಾರ್ನಿ’ ಬೇಕಾಗುತ್ತದೆ. ಚುನಾವಣೆ ಗೆದ್ದವರ ಕೈಗೆ ‘ಪವರ್’ ಬರುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಅದೇ ‘ಪವರ್’ ಹೋಗುತ್ತದೆ!

ಇಷ್ಟೊಂದು ಬಳಕೆಯಲ್ಲಿರುವ ಪದದ ಅರ್ಥವೇನೆಂದು ಹೈಸ್ಕೂಲಿನ ಮಕ್ಕಳನ್ನು ಕೇಳಿ ನೋಡಿ. ‘ಶಕ್ತಿ’ ಎಂದು ಥಟ್ಟನೆ ಹೇಳುತ್ತಾರೆ. ಮಾತುಕತೆಯಲ್ಲಿ ಅದು ನಡೆಯುತ್ತದೆ. ಆದರೆ ವಿಜ್ಞಾನದ ಉತ್ತರ ಪತ್ರಿಕೆಯಲ್ಲಿ ನಡೆಯುವುದಿಲ್ಲ. ಅಲ್ಲಿ ‘ಶಕ್ತಿ’ ಎಂದರೆ ಎನರ್ಜಿ; ‘ಪವರ್’ಗೆ ನಮ್ಮ ಪಠ್ಯಪುಸ್ತಕ ಕೊಟ್ಟಿರುವ ಹೆಸರು ‘ಸಾಮರ್ಥ್ಯ’. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಓದಲು ಹೊರಡುವ ಬುದ್ಧಿವಂತ ಮಕ್ಕಳೂ ಮೊದಲು ಎಡವುವುದು ಇಂಥ ಪದಗಳಲ್ಲಿಯೇ. ಲೆಕ್ಕ ಬಾರದೆ ಅಲ್ಲ, ಪ್ರಶ್ನೆ ಏನನ್ನು ಕೇಳುತ್ತಿದೆ ಎಂಬುದು ತಿಳಿಯದೆ.

ಬಾವಿಯ ಕೊಡ ಹೇಳುವ ಪಾಠ

ಹತ್ತು ಮೀಟರ್ ಆಳದ ಬಾವಿ. ಅಕ್ಕ ಹತ್ತು ಕಿಲೋಗ್ರಾಂ ನೀರನ್ನು ಇಪ್ಪತ್ತು ಸೆಕೆಂಡಿನಲ್ಲಿ ಮೇಲೆಳೆದಳು. ತಂಗಿ ಅಷ್ಟೇ ನೀರನ್ನು ಹತ್ತೇ ಸೆಕೆಂಡಿನಲ್ಲಿ ಎಳೆದಳು. ಹಗ್ಗ ಮತ್ತು ಕೊಡದ ಭಾರವನ್ನು ಬಿಟ್ಟು ಲೆಕ್ಕ ಹಾಕಿದರೆ ಇಬ್ಬರೂ ನೀರಿಗೆ ಕೊಟ್ಟ ಶಕ್ತಿ ಒಂದೇ, 980 ಜೌಲ್. ಆದರೆ ಅಕ್ಕನ ಸಾಮರ್ಥ್ಯ 49 ವಾಟ್, ತಂಗಿಯದು 98 ವಾಟ್. ಎಷ್ಟು ಕೆಲಸ ಎಂಬುದು ಶಕ್ತಿಯ ಪ್ರಶ್ನೆ. ಎಷ್ಟು ಬೇಗ ಎಂಬುದು ಸಾಮರ್ಥ್ಯದ ಪ್ರಶ್ನೆ. ಇಷ್ಟು ಹಿಡಿದಿಟ್ಟುಕೊಂಡರೆ ಮುಂದಿನದೆಲ್ಲ ಸಲೀಸು.

ಇದನ್ನೇ ದೊಡ್ಡ ಅಳತೆಯಲ್ಲಿ ನೋಡಬೇಕಾದರೆ ಜೋಯಿಡಾ ತಾಲ್ಲೂಕಿನ ಗಣೇಶಗುಡಿಯ ಹತ್ತಿರದ ಸೂಪಾ ಅಣೆಕಟ್ಟೆಗೆ ಹೋಗಬೇಕು. 101 ಮೀಟರ್ ಎತ್ತರದ ಆ ಕಟ್ಟೆಯ ಹಿಂದೆ, ತುಂಬಿದಾಗ, ಸುಮಾರು 147 ಟಿಎಂಸಿ ನೀರು ನಿಲ್ಲುತ್ತದೆ. ಹಾಗೆ ಎತ್ತರದಲ್ಲಿ ನಿಂತ ನೀರಿನಲ್ಲಿರುವುದು ಪ್ರಚ್ಛನ್ನ ಶಕ್ತಿ. ಕಟ್ಟೆಯ ಬುಡದಲ್ಲಿರುವ ವಿದ್ಯುದಾಗಾರದ 50 ಮೆಗಾವಾಟಿನ ಎರಡು ಯಂತ್ರಗಳು ಅದನ್ನು ವಿದ್ಯುತ್ತನ್ನಾಗಿ ಮಾಡಬಲ್ಲ ವೇಗವೇ ಸಾಮರ್ಥ್ಯ, ಒಟ್ಟು 100 ಮೆಗಾವಾಟ್. ಎರಡೂ ಪೂರ್ತಿಯಾಗಿ ಒಂದು ಗಂಟೆ ತಿರುಗಿದರೆ ಒಂದು ಲಕ್ಷ ಯುನಿಟ್. ಅದೇ ನೀರು ಮುಂದೆ ಬೊಮ್ಮನಹಳ್ಳಿ ಜಲಾಶಯ ಸೇರಿ, ಅಲ್ಲಿಂದ ನಾಗಝರಿಯ ಆರು ಯಂತ್ರಗಳಿಗೆ ಬೀಳುತ್ತದೆ. ಅಲ್ಲಿನ ಸಾಮರ್ಥ್ಯ 850 ಮೆಗಾವಾಟಿಗೂ ಮಿಕ್ಕಿದ್ದು.

ಈ ‘ಪವರ್’ಗಾಗಿ ಸೂಪಾ ಎಂಬ ಊರೇ ನೀರಿನಲ್ಲಿ ಮುಳುಗಿತು. ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಬಂತು. ಅನೇಕ ಕುಟುಂಬಗಳು ರಾಮನಗರಕ್ಕೆ ಹೋಗಿ ನೆಲೆಸಿದವು. ಹಾಗಿದ್ದೂ ಕರೆಂಟಿನ ಕಂಬ ಬಹಳ ತಡವಾಗಿ ತಲುಪಿದ ಕಾಡಿನ ಮಜರೆಗಳು ಅದೇ ತಾಲ್ಲೂಕಿನಲ್ಲಿವೆ. ನಮ್ಮ ಕಡೆಯ ಮಕ್ಕಳಿಗೆ ಈ ಪದ ಬರೀ ಪಾಠದ ಪದವಲ್ಲ.

ಬಿಲ್ಲಿನಲ್ಲಿ ಎರಡು ಅಂಕಿ

ಪಾಲಕರು ಮನೆಯ ವಿದ್ಯುತ್ ಬಿಲ್ಲನ್ನು ಮಕ್ಕಳ ಕೈಗೆ ಕೊಟ್ಟು ಓದಿಸಬೇಕು. ಕಿಲೋವಾಟಿನಲ್ಲಿ ಬರೆದಿರುವ ಲೋಡ್ ಸಾಮರ್ಥ್ಯವನ್ನು ಹೇಳುತ್ತದೆ. ಯುನಿಟ್ಟಿನಲ್ಲಿ ಬರೆದಿರುವ ಬಳಕೆ ಶಕ್ತಿಯನ್ನು ಹೇಳುತ್ತದೆ. ಒಂದು ಯುನಿಟ್ ಎಂದರೆ ಒಂದು ಕಿಲೋವಾಟ್ ಗಂಟೆ, ಅಂದರೆ 36 ಲಕ್ಷ ಜೌಲ್. 2000 ವಾಟಿನ ಗೀಸರ್ ಅರ್ಧ ಗಂಟೆಯಲ್ಲಿ ಒಂದು ಯುನಿಟ್ ನುಂಗುತ್ತದೆ. 10 ವಾಟಿನ ಎಲ್‌ಇಡಿ ಬಲ್ಬಿಗೆ ಅದೇ ಒಂದು ಯುನಿಟ್ 100 ಗಂಟೆ ಸಾಕು. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯ 200 ಯುನಿಟ್ ಮಿತಿ ಎಣಿಸುವುದೂ ಶಕ್ತಿಯನ್ನೇ.

ರೈತರ ಪಂಪ್‌ಸೆಟ್ಟಿನ ‘ಎಚ್‌ಪಿ’ ಇನ್ನೊಂದು ತೊಡಕು. ಕನ್ನಡದಲ್ಲಿ ಅದನ್ನು ‘ಅಶ್ವಶಕ್ತಿ’ ಎನ್ನುತ್ತೇವೆ. ಹೆಸರಿನಲ್ಲಿ ಶಕ್ತಿ ಇದೆ, ಅಳೆಯುವುದು ಮಾತ್ರ ಸಾಮರ್ಥ್ಯವನ್ನು! ಉಗಿಯಂತ್ರವನ್ನು ಸುಧಾರಿಸಿದ ಜೇಮ್ಸ್ ವಾಟ್ ಅದನ್ನು ಕುದುರೆಯ ದುಡಿಮೆಗೆ ಹೋಲಿಸಿದ್ದರಿಂದ ಬಂದ ಮಾನ ಇದು. ಒಂದು ಅಶ್ವಶಕ್ತಿಗೆ 746 ವಾಟ್. ಐದು ಎಚ್‌ಪಿ ಎಂದರೆ 3730 ವಾಟ್.

ಕಣ್ಣಿನ ಪವರ್ ಹೆಚ್ಚಾದರೆ?

‘ನಮ್ಮ ಹುಡುಗನ ಕಣ್ಣಿನ ಪವರ್ ಹೆಚ್ಚಾಗಿದೆ’ ಎಂದು ತಾಯಂದಿರು ಚಿಂತೆ ಮಾಡುತ್ತಾರೆ. ಪದವನ್ನಷ್ಟೇ ನೋಡಿದರೆ ಸಂತೋಷಪಡಬೇಕಾದ ಸಂಗತಿ! ಹೆಚ್ಚಾದದ್ದು ಕಣ್ಣಿನದಲ್ಲ, ಅದಕ್ಕೆ ಬೇಕಾದ ಮಸೂರದ ಸಾಮರ್ಥ್ಯ. ಬೆಳಕನ್ನು ಬಾಗಿಸುವ ಈ ಸಾಮರ್ಥ್ಯದ ಮಾನ ಡಯಾಪ್ಟರ್. ಸಂಗಮ ದೂರ ಅರ್ಧ ಮೀಟರ್ ಇದ್ದರೆ ಎರಡು ಡಯಾಪ್ಟರ್. ಮುಂದಿನ ಪ್ಲಸ್ ಪೀನ ಮಸೂರವನ್ನೂ ಮೈನಸ್ ನಿಮ್ನ ಮಸೂರವನ್ನೂ ಸೂಚಿಸುತ್ತದೆ. ಮೈನಸ್ ಎಂದರೆ ಕಡಿಮೆ ಎಂದಲ್ಲ.

ಗಣಿತಕ್ಕೆ ಬಂದರೆ ‘ಪವರ್’ ಮತ್ತೆ ವೇಷ ಬದಲಿಸಿ ‘ಘಾತ’ವಾಗುತ್ತದೆ. ಎರಡರ ಮೂರನೆಯ ಘಾತ ಎಂಟು. ಆಡಳಿತದಲ್ಲಿ ಅದು ‘ಅಧಿಕಾರ’. ದಸ್ತಾವೇಜಿನಲ್ಲಿ ‘ಮುಖ್ತ್ಯಾರ ಪತ್ರ’. ‘ಪವರ್ ಕಾರ್ಪೊರೇಶನ್’ ಕನ್ನಡದಲ್ಲಿ ‘ವಿದ್ಯುತ್ ನಿಗಮ’ವಾಗಿದೆ, ಶಕ್ತಿ ನಿಗಮವಾಗಿಲ್ಲ. ‘ಎಂಪವರ್‌ಮೆಂಟ್’ ಆದಾಗ ‘ಸಬಲೀಕರಣ’, ಅಲ್ಲಿ ಬಲ ಬಂತು. ಇಷ್ಟೆಲ್ಲ ಅರ್ಥಗಳಿಗೂ ಬೇರು ಒಂದೇ. ‘ಮಾಡಬಲ್ಲೆ’ ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದದಿಂದ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ಪದ ಇದು. ‘ಪಾಸಿಬಲ್’, ‘ಪೊಟೆನ್ಷಿಯಲ್’ ಇದರ ದಾಯಾದಿಗಳು.

ಸಮಾನಾರ್ಥಕ, ಆದರೆ ಸಮಾನವಲ್ಲ

ನಿಘಂಟಿನಲ್ಲಿ ‘ಪವರ್’ ಪಕ್ಕದಲ್ಲಿ ಫೋರ್ಸ್, ಎನರ್ಜಿ, ಸ್ಟ್ರೆಂತ್, ಅಥಾರಿಟಿ, ಎಬಿಲಿಟಿ ಸಾಲಾಗಿ ನಿಂತಿರುತ್ತವೆ. ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಲಾಗದು. ವಿಜ್ಞಾನದಲ್ಲಿ ‘ಫೋರ್ಸ್’ ಎಂದರೆ ಬಲ, ಮಾನ ನ್ಯೂಟನ್. ಪೊಲೀಸ್ ಇಲಾಖೆಯಲ್ಲಿ ಅದು ಪಡೆ. ‘ಸ್ಟ್ರೆಂತ್’ ತೋಳಿನದಾದರೆ ಬಲ; ತರಗತಿಯ ‘ಸ್ಟ್ರೆಂತ್’ ನಲವತ್ತು ಎಂದರೆ ಮಕ್ಕಳ ಸಂಖ್ಯೆ. ಆಟದ ಮೈದಾನದ ‘ಎನರ್ಜಿ’ ಹುರುಪು, ಪ್ರಯೋಗಾಲಯದ್ದು ಶಕ್ತಿ.

ನಮ್ಮ ಮಾತೇನೂ ಬಡವಲ್ಲ. ಎತ್ತು ಕೊಳ್ಳುವ ರೈತ ಅದರ ಕಸುವು ನೋಡುತ್ತಾನೆ. ಜ್ವರ ಬಿಟ್ಟವನಿಗೆ ಮೈಯಲ್ಲಿ ತ್ರಾಣವಿರುವುದಿಲ್ಲ. ಜಗಳಕ್ಕೆ ನಿಂತವನು ತಾಕತ್ತು ಇದ್ದರೆ ಬಾ ಎನ್ನುತ್ತಾನೆ. ಇವನ್ನು ಯಾರೂ ಅದಲು ಬದಲು ಮಾಡಿ ಆಡುವುದಿಲ್ಲ. ಸಾಮರ್ಥ್ಯದ ಪತ್ರ ಬರೆಸಿಕೊಂಡು ಜಮೀನು ಮಾರಲು ಯಾರೂ ಹೊರಡುವುದಿಲ್ಲ. ತಾಯ್ನುಡಿಯಲ್ಲಿ ನಮಗಿರುವ ಈ ಎಚ್ಚರವನ್ನೇ ಇಂಗ್ಲಿಷಿಗೂ ಒಯ್ಯಬೇಕು.

ಆದ್ದರಿಂದ ವಿದ್ಯಾರ್ಥಿಗಳು ಹೊಸ ಪದ ಕಂಡಾಗ ಒಂದೇ ಅರ್ಥ ಬರೆದು ಪುಸ್ತಕ ಮುಚ್ಚಬಾರದು. ಪದ ಯಾವ ವಾಕ್ಯದಲ್ಲಿದೆ, ಯಾವ ವಿಷಯದ ಪುಸ್ತಕದಲ್ಲಿದೆ, ಪಕ್ಕದಲ್ಲಿ ಯಾವ ಪದವಿದೆ ಎಂದು ನೋಡಬೇಕು. ಅಂಕಿಯ ಮುಂದಿರುವ ಮಾನವನ್ನು ಗಮನಿಸಬೇಕು. ವಾಟ್, ಜೌಲ್, ನ್ಯೂಟನ್, ಡಯಾಪ್ಟರ್ ಎಂದೂ ಸುಳ್ಳು ಹೇಳುವುದಿಲ್ಲ. ಒಂದು ಪದಕ್ಕೆ ಐದು ವಾಕ್ಯ ಬರೆಯುವ ಅಭ್ಯಾಸ ಐವತ್ತು ಪದಗಳ ಅರ್ಥ ಬಾಯಿಪಾಠ ಮಾಡುವುದಕ್ಕಿಂತ ಮೇಲು. ಇಂದು ‘ಪವರ್’ ಆಯಿತು. ನಾಳೆ ‘ಕರೆಂಟ್’ ಎಂಬ ಪದವನ್ನು ಹೀಗೆಯೇ ಬಿಡಿಸಿ ನೋಡಿ. ಅದು ತಂತಿಯಲ್ಲೂ ಹರಿಯುತ್ತದೆ, ಕಾಳಿ ನದಿಯಲ್ಲೂ ಹರಿಯುತ್ತದೆ.