ರೊಟ್ಟಿಯ ಬದಿಗೆ ಹಿತ್ತಲ ಹೂವು

ಮುಂಗಾರು ಹಿಡಿದೊಡನೆ ತಿಪ್ಪೆಯ ಅಂಚಿಗೆ ನಾಲ್ಕು ಕುಂಬಳ ಬೀಜ ಊರುವುದು ಹುಬ್ಬಳ್ಳಿ ತಾಲೂಕಿನ ಸುಳ್ಳದಂಥ ಎರೆಮಣ್ಣಿನ ಊರುಗಳ ಹಳೆಯ ರೂಢಿ. ಒಂದೂವರೆ ತಿಂಗಳಾಗುವ ಹೊತ್ತಿಗೆ ಬಳ್ಳಿ ಹಳದಿ ಹೂ ಬಿಡುತ್ತದೆ. ಮೊದಮೊದಲು ಅರಳುವುದು ಬಹುತೇಕ ಗಂಡು ಹೂವು. ಕಾಯಿ ಕಟ್ಟದೆ ಉದುರುತ್ತದೆ. ಹಾಗೆ ಉದುರಿಹೋಗುವ ಹೂವು ನಿಜವಾಗಿ ಒಳ್ಳೆಯ ತರಕಾರಿ.

ಗುರುತು ಸುಲಭ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಮಿಡಿ ಇರುತ್ತದೆ, ಅದನ್ನು ಮುಟ್ಟಬಾರದು. ಗಂಡು ಹೂವಿಗೆ ಉದ್ದನೆಯ ತೊಟ್ಟು ಮಾತ್ರ. ಜೇನ್ನೊಣಗಳ ಪರಾಗದ ಕೆಲಸಕ್ಕೆ ಕೆಲವನ್ನು ಬಳ್ಳಿಯಲ್ಲೇ ಬಿಟ್ಟು ಉಳಿದವನ್ನು ಬೆಳಿಗ್ಗೆಯೇ ಕೀಳಬೇಕು, ಬಿಸಿಲೇರಿದರೆ ಹೂ ಮುದುಡುತ್ತದೆ. ಒಳಗಿನ ಕೇಸರ ತೆಗೆದು, ಇರುವೆ ಕೊಡವಿ, ಅಜವಾನ ಹಾಕಿದ ಕಡಲೆಹಿಟ್ಟಿನಲ್ಲಿ ಅದ್ದಿ ಕರಿದರೆ ಭಜಿ. ಬಂಗಾಳದಲ್ಲೂ ದೂರದ ಮೆಕ್ಸಿಕೋದಲ್ಲೂ ಕುಂಬಳ ಹೂವು ಸಂತೆಯಲ್ಲಿ ಮಾರಾಟಕ್ಕೆ ಬರುವ ಸಾಮಾನು. ನಮ್ಮಲ್ಲಿ ಅದು ಇನ್ನೂ ಹಿತ್ತಲು ದಾಟಿಲ್ಲ ಎಂಬುದು ಬೇಸರದ ಸಂಗತಿ.

ನುಗ್ಗೆಯದು ಇನ್ನೂ ಧಾರಾಳ ಕೈ. ಬಿಟ್ಟ ಹೂವಿನಲ್ಲಿ ಕಾಯಾಗುವುದು ಸ್ವಲ್ಪವೇ, ಮಿಕ್ಕಿದ್ದು ಗಾಳಿಗೆ ಉದುರುತ್ತದೆ. ಗಿಡದ ಕೆಳಗೆ ಹಳೆಯ ಸೀರೆ ಹಾಸಿ ಕೊಂಬೆಯನ್ನು ಮೆಲ್ಲಗೆ ಅಲುಗಿಸಿದರೆ ಒಂದು ಹೊತ್ತಿನ ಪಲ್ಯೆಗೆ ಸಾಕು. ಸಾಸಿವೆ, ಜೀರಿಗೆ, ಬೆಳ್ಳುಳ್ಳಿ, ಉಳ್ಳಾಗಡ್ಡಿಯ ಒಗ್ಗರಣೆಯಲ್ಲಿ ಹೂವು ಬಾಡಿಸಿ, ಕಡಲೆಹಿಟ್ಟು ಉದುರಿಸಿ, ನೀರು ಚಿಮುಕಿಸಿ ಮುಚ್ಚಿಟ್ಟರೆ ಜೋಳದ ರೊಟ್ಟಿಗೆ ಹೇಳಿ ಮಾಡಿಸಿದ ಝುಣಕ. ಸಣ್ಣ ಕಹಿ ಉಳಿಯುತ್ತದೆ. ಅದೇ ಅದರ ರುಚಿ. ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ‘ಭಾಗ್ಯ’ ತಳಿಯನ್ನು ಬೀಜ ಊರಿಯೇ ಬೆಳೆಸಬಹುದು, ವರ್ಷದೊಳಗೆ ಫಸಲು ಕೊಡುತ್ತದೆ. ಎರೆಮಣ್ಣಿನಲ್ಲಿ ಮಳೆನೀರು ನಿಂತರೆ ನುಗ್ಗೆಯ ಬೇರು ಕೊಳೆಯುತ್ತದೆ, ಹೀಗಾಗಿ ಮಣ್ಣು ಏರಿಸಿ ದಿಬ್ಬದ ಮೇಲೆ ನೆಡುವುದು ಲೇಸು.

ಎಲೆಬಳ್ಳಿಯ ತೋಟಗಳಲ್ಲಿ ಆಸರೆಗೆಂದು ಬೆಳೆಸುವ ಚೊಗಚೆಯ ಹೂವೂ ಪಲ್ಯೆಗೆ ಬರುತ್ತದೆ. ನಡುವಿನ ಕೇಸರ ಕಹಿ, ಕಿತ್ತೊಗೆಯಬೇಕು.

ಚೀನಾದವರು ತಿನ್ನುವ ಹೂವನ್ನೇ ಒಂದು ಬೆಳೆಯನ್ನಾಗಿ ಮಾಡಿಕೊಂಡಿದ್ದಾರೆ. ಒಂದೇ ದಿನ ಅರಳಿ ಬಾಡುವ ಡೇಲಿಲಿಯ ಮೊಗ್ಗನ್ನು ಅರಳುವ ಮೊದಲೇ ಕಿತ್ತು, ಹಬೆಯಲ್ಲಿ ಬೇಯಿಸಿ, ಬಿಸಿಲಿಗೆ ಒಣಗಿಸಿ ವರ್ಷವಿಡೀ ಸಾರಿಗೆ ಹಾಕುತ್ತಾರೆ. ನಮ್ಮ ಹೆಂಗಸರು ಹಪ್ಪಳ, ಸಂಡಿಗೆ ಒಣಗಿಸಿಡುವ ಜಾಣತನವೇ ಅದು. ಡೇಲಿಲಿ ಈಗ ಇಲ್ಲಿಯ ನರ್ಸರಿಗಳಲ್ಲೂ ಅಲಂಕಾರದ ಗಿಡವಾಗಿ ಸಿಗುತ್ತದೆ. ಆದರೆ ಅಲ್ಲಿಂದ ತಂದ ಗಿಡಕ್ಕೆ ಏನು ಔಷಧ ಹೊಡೆದಿದ್ದಾರೋ ತಿಳಿಯದು. ಮೊದಲ ಹಂಗಾಮಿನ ಹೂವು ನೋಡುವುದಕ್ಕಷ್ಟೇ ಇರಲಿ. ಬೆಕ್ಕು ಸಾಕಿದವರು ಇದನ್ನು ನೆಡದಿರುವುದೇ ಮೇಲು: ಡೇಲಿಲಿ ತಿಂದರೆ ಬೆಕ್ಕಿನ ಮೂತ್ರಪಿಂಡ ಕೆಡುತ್ತದೆ.

ಲಿಲ್ಲಿಯೆಂದು ಕರೆಸಿಕೊಳ್ಳುವುದೆಲ್ಲ ಊಟಕ್ಕಲ್ಲ. ಮಳೆಗಾಲದ ಬೇಲಿಯಲ್ಲಿ ಬೆಂಕಿಯ ಬಣ್ಣದಲ್ಲಿ ಅರಳುವ ಗೌರಿ ಹೂವಿಗೂ ಇಂಗ್ಲಿಷಿನಲ್ಲಿ ಲಿಲ್ಲಿ ಎಂಬ ಹೆಸರಿದೆ. ಅದರ ಗಡ್ಡೆಯಿಂದ ಬೀಜದವರೆಗೆ ಕಾಲ್ಚಿಸಿನ್ ಎಂಬ ವಿಷವಿದ್ದು, ಜೀವಕ್ಕೇ ಕುತ್ತು ತರಬಲ್ಲದು. ಪೂಜೆಗೆ ಕೊಯ್ಯುವ ಕಣಗಿಲೆಯೂ ವಿಷವೇ. ಹಿತ್ತಲಿಗೆ ತಾಗಿ ಹೊಲವಿದ್ದರೆ, ಹತ್ತಿಗೋ ಮೆಣಸಿನ ಗಿಡಕ್ಕೋ ಔಷಧ ಹೊಡೆದ ದಿನಗಳಲ್ಲಿ ಕುಂಬಳ ಹೂವನ್ನೂ ಅಡುಗೆಗೆ ತರಬಾರದು.