ಮದುವೆಗೆ ಐದು ಹೂವು

ಇಂಡಿ ಬಿಡುವ ಹೊತ್ತಿಗೆ ಬಸ್ಸಿನ ತುಂಬ ನಿಂಬೆಯ ವಾಸನೆ. ಮುಂದಿನ ಸೀಟಿನ ಕೆಳಗೆ ಯಾರದೋ ಚೀಲ, ಹೊಲಿಗೆ ಬಿಟ್ಟ ಕಡೆ ನಾಲ್ಕು ಹಳದಿ ಕಾಯಿ ಇಣುಕುತ್ತಿದ್ದವು. ಊರು ದಾಟಿದರೆ ಎರಿಹೊಲ. ಹಿಂಗಾರಿ ಜೋಳ ಎದೆಮಟ್ಟ ನಿಂತಿತ್ತು. ಬೇಸಿಗೆಯಲ್ಲಿ ಬಂದು ನೋಡಬೇಕು, ಇದೇ ನೆಲ ಅಂಗೈ ತೂರುವಷ್ಟು ಬಿರಿದಿರುತ್ತದೆ.

ಸಾಲೋಟಗಿಯಲ್ಲಿ ಇಳಿದಾಗ ಬಿಸಿಯೂಟದ ಹೊತ್ತು. ತಾಟು ಹಿಡಿದ ಮಕ್ಕಳ ಸಾಲು, ಸಾರಿನ ಬಕೀಟು, ಸಾಲಿನ ತುದಿಯಲ್ಲಿ ತಾಟನ್ನೇ ಹಲಗೆ ಮಾಡಿಕೊಂಡು ಬಾರಿಸುವ ಒಬ್ಬ. ಕಟ್ಟೆಯ ಮೇಲೆ ಕೂತಿದ್ದ ಮುದುಕರೊಬ್ಬರು ಕೇಳಿದರು:

“ಯಾವೂರಾವ್ರಿ?”

“ಸಾಲಿ ನೋಡಾಕ ಬಂದೀನ್ರಿ ಅಜ್ಜಾರ.”

“ಯಾವ ಸಾಲಿ? ಕನ್ನಡ ಸಾಲಿಯೋ, ಹೈಸ್ಕೂಲೋ?”

“ಸಾವಿರ ವರ್ಷದ ಹಿಂದಿಂದು.”

ಅಜ್ಜ ನಕ್ಕರು. “ಅದು ಊರ ಹೆಸರಿನಾಗ ಐತಲ್ರಿ!”

ಮಾತು ಖರೆ. ಊರ ಹಳೆಯ ಹೆಸರು ಪಾವಿಟ್ಟಗೆ. ಶಾಲೆ ಬಂದ ಮೇಲೆ ಶಾಲಾಪಾವಿಟ್ಟಗೆ, ಅದೇ ನಾಲಿಗೆಯಲ್ಲಿ ಸವೆದು ಸಾಲೋಟಗಿಯಾಯಿತು ಎನ್ನುತ್ತಾರೆ. ಆ ಶಾಲೆಯ ಜಮಾಖರ್ಚು ಇಲ್ಲಿನ ಕಂಬಶಾಸನದಲ್ಲಿದೆ. ಕಾಲ 945, ಭಾದ್ರಪದ ಅಮಾವಾಸ್ಯೆ, ಸೂರ್ಯಗ್ರಹಣ. ಮಾನ್ಯಖೇಟದಲ್ಲಿ, ಅಂದರೆ ಈಗಿನ ಮಳಖೇಡದಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣ ಆಳುತ್ತಿದ್ದ. ಅವನ ಮಂತ್ರಿ ನಾರಾಯಣ ತ್ರಯೀಪುರುಷ ದೇವರ ಗುಡಿಯಲ್ಲಿ ಶಾಲೆ ಕಟ್ಟಿಸಿದ. ನಾನಾ ದೇಶಗಳಿಂದ ಓದುವವರು ಬಂದು ಸೇರಿದರು. ಊರೊಡೆಯ ಚಕ್ರಾಯುಧ ಬ್ರಾಹ್ಮಣರೊಡನೆ ಕೂಡಿ ಭೂಮಿ ಬಿಟ್ಟ. ಶಾಲೆಗೆ 500 ನಿವರ್ತನ ಹೊಲ, ಹೂದೋಟಕ್ಕೆ 4, ದೀಪಕ್ಕೆ 12, ವಿದ್ಯಾರ್ಥಿಗಳಿಗೆ 27 ಮನೆ. ಉಪಾಧ್ಯಾಯನಿಗೆ ಕರವಿಲ್ಲದ 50 ನಿವರ್ತನ, ಜೊತೆಗೊಂದು ಮನೆ.

ನನಗೆ ಹಿಡಿಸಿದ್ದು ಇದರ ಮುಂದಿನ ಸಾಲು. ಊರಿನ ಬ್ರಾಹ್ಮಣರ ಮನೆಯಲ್ಲಿ ಮದುವೆಯಾದರೆ ಶಾಲೆಗೆ ಐದು ಹೂವು, ಮುಂಜಿವೆಗೆ ಎರಡೂವರೆ, ಜವಳಕ್ಕೆ ಇನ್ನೂ ಕಡಿಮೆ. ಹೂವೆಂದರೆ ಆಗಿನ ನಾಣ್ಯ ಎಂದು ಓದುತ್ತಾರೆ. ಅರ್ಧ ಹೂವನ್ನು ಯಾರೂ ಮುಡಿಯುವುದಿಲ್ಲವಲ್ಲ! ಮನೆಯಲ್ಲಿ ಊಟ ಹಾಕಿಸಿದರೆ ಶಾಲೆಯವರಿಗೂ ಶಕ್ತ್ಯನುಸಾರ ಬಡಿಸಬೇಕು. ಬಿಸಿಯೂಟದ ಸಾರು ಮೂಗಿಗೆ ಬರುತ್ತಿರುವಾಗ ಈ ಸಾಲು ನೆನೆಯುವುದು ಬೇರೆಯೇ ಅನುಭವ. ಹೊಲ, ಎಣ್ಣೆ, ಅನ್ನ ಎಲ್ಲ ಊರಿನದು. ಅರಸ ಇಲ್ಲಿ ಪಂಚಾಂಗವಿದ್ದ ಹಾಗೆ, ಕಾಲ ಹೇಳುವುದಕ್ಕೆ.

ಅರಸನಿಗೆ ಬೇರೆ ಕೆಲಸವಿತ್ತು. 939ರಲ್ಲಿ ಅಪ್ಪ ಮೂರನೆಯ ಅಮೋಘವರ್ಷನಿಂದ ಪಟ್ಟ ಬಂದ ಲಾಗಾಯ್ತು ಅವನ ಕಣ್ಣು ತೆಂಕಣಕ್ಕೆ. ಅಕ್ಕ ರೇವಕನಿಮ್ಮಡಿಯ ಗಂಡ ಗಂಗರ ಬೂತುಗ ಬಲಗೈ. 949ರಲ್ಲಿ ತಕ್ಕೋಲದಲ್ಲಿ ಆನೆಯ ಮೇಲಿದ್ದ ಚೋಳರ ಯುವರಾಜ ರಾಜಾದಿತ್ಯನನ್ನು ಕೊಂದವನೂ ಬೂತುಗನೇ. ಈ ಸುದ್ದಿ ಹೇಳುವ ಆತಕೂರಿನ ಕಲ್ಲು ಒಂದು ನಾಯಿಯ ಸ್ಮಾರಕ. ಕಾಳಿ ಅದರ ಹೆಸರು; ಹಂದಿಯೊಡನೆ ಹೋರಾಡಿ ಎರಡೂ ಸತ್ತವು. ತಮಿಳು ನೆಲದಲ್ಲಿ ಕೃಷ್ಣ ‘ಕಂಚಿಯನ್ನೂ ತಂಜಾವೂರನ್ನೂ ಕೊಂಡ ಕನ್ನರದೇವ’ನಾದ. 959ರಲ್ಲಿ ಮೇಲ್ಪಾಡಿಯ ಬೀಡಿನಲ್ಲಿ ಕೂತು ಗೆದ್ದ ಸೀಮೆಯನ್ನು ತನ್ನವರಿಗೆ ಹಂಚಿದ. ಪೊನ್ನನಿಗೆ ‘ಉಭಯಕವಿಚಕ್ರವರ್ತಿ’ ಬಿರುದು ಕೊಟ್ಟವನೂ ಈತನೇ.

ಪಕ್ಕದ ಪಾನಪಟ್ಟಿ ಅಂಗಡಿಯ ಹುಡುಗ ಕಿವಿಗೆ ಗುಂಡಿಯಂಥದ್ದು ಸಿಕ್ಕಿಸಿಕೊಂಡು ಮೊಬೈಲಿನಲ್ಲಿ ಬ್ಲೂಟೂತ್ ಒತ್ತಿದ. ಅದೂ ಒಬ್ಬ ಅರಸನ ಅಡ್ಡಹೆಸರು. ನೀಲಿಹಲ್ಲಿನ ಹರಾಲ್ಡ್, ಡೆನ್ಮಾರ್ಕಿನ ದೊರೆ, ನಮ್ಮ ಕೃಷ್ಣನ ಓರಗೆಯವ. ಆ ತಂತ್ರಜ್ಞಾನದ ಗುರುತು ಅವನ ಹೆಸರಿನ ಎರಡು ಮೊದಲಕ್ಷರಗಳನ್ನು ಅಲ್ಲಿನ ಹಳೆಯ ರೂನ್ ಲಿಪಿಯಲ್ಲಿ ಒಂದರ ಮೇಲೊಂದು ಬರೆದದ್ದು. ಹರಾಲ್ಡನೂ 965ರ ಸುಮಾರಿಗೆ ಯೆಲ್ಲಿಂಗ್ ಊರಲ್ಲಿ ಅಪ್ಪ ಅಮ್ಮನ ನೆನಪಿಗೆ ಕಲ್ಲು ನಿಲ್ಲಿಸಿದ. ಡೆನ್ಮಾರ್ಕ್, ನಾರ್ವೆ ಗೆದ್ದೆ, ಡೇನರನ್ನು ಕ್ರೈಸ್ತರನ್ನಾಗಿ ಮಾಡಿದೆ ಎಂದು ಕೊರೆಸಿದ. ಅವನ ಕಲ್ಲಿನಲ್ಲಿ ಅವನೇ ತುಂಬಿದ್ದಾನೆ. ದೀಪದೆಣ್ಣೆಯ ಲೆಕ್ಕ ಅಲ್ಲಿಲ್ಲ.

ಇನ್ನೊಂದು ಕಥೆಯೂ ಇದೇ ಸೀಮೆಯದು. ಭೀಮಾ ದಂಡೆಯ ತದ್ದೇವಾಡಿ ಆಗ ತರ್ದವಾಡಿ ಸಾಸಿರದ ತಲೆಯೂರು. ಇಂಡಿ, ಸಿಂದಗಿ, ಬಾಗೇವಾಡಿಯ ಬಹುಪಾಲು ಹಳ್ಳಿಗಳು ಆ ನಾಡಿನವು. ಬಾಗೇವಾಡಿ ಕಡೆಯ ನರಸಲಗಿಯಲ್ಲಿ 957ರ ಶಾಸನವಿದೆ. ಅದರಲ್ಲಿ ಚಾಲುಕ್ಯ ತೈಲಪ ಕೃಷ್ಣನ ಕೈಕೆಳಗಿನ ಸಾಮಂತ. 965ರ ವೇಳೆಗೆ ಇಡೀ ತರ್ದವಾಡಿಯೇ ಅವನಿಗೆ ಅಣುಗಜೀವಿತವಾಗಿ, ಪ್ರೀತಿಯ ಉಂಬಳಿಯಾಗಿ, ಸಿಕ್ಕಿತ್ತು. 967ರಲ್ಲಿ ಕೃಷ್ಣ ತೀರಿಕೊಂಡ. ತಮ್ಮ ಖೊಟ್ಟಿಗನ ಕಾಲದಲ್ಲಿ, 972ರಲ್ಲಿ, ಪರಮಾರ ಸೀಯಕ ಬಂದು ಮಾನ್ಯಖೇಟವನ್ನು ದೋಚಿದ. ಮರುವರ್ಷ ತೈಲಪ ಎದ್ದು ರಾಷ್ಟ್ರಕೂಟರನ್ನು ಮುಗಿಸಿಯೇಬಿಟ್ಟ. ಕೃಷ್ಣ ಪ್ರೀತಿಯಿಂದ ಉಣ್ಣಿಸಿದ ಸೀಮೆಯಿಂದಲೇ ಬಲಿತವನು ಅವನು.

ಕಾಲಾಂತರದಲ್ಲಿ ಶಾಲೆಯ ಕಟ್ಟಡವೂ ಬಿತ್ತು. ಅದನ್ನು ಮತ್ತೆ ಎತ್ತಿ ನಿಲ್ಲಿಸಿದವನು ಸೇಳಾರ ವಂಶದ ಕಂಚಿಗ ಎಂಬ ಮಾಂಡಲಿಕ. ಅದನ್ನೂ ಕಂಬದಲ್ಲೇ ಕನ್ನಡದಲ್ಲಿ ಬರೆಸಿದ್ದಾರೆ.

ಊಟ ಮುಗಿದಿತ್ತು. ಮಕ್ಕಳು ನಳದ ಕೆಳಗೆ ತಾಟು ತೊಳೆದು, ನೀರು ಒಬ್ಬರ ಮೇಲೊಬ್ಬರು ಜಾಡಿಸುತ್ತಿದ್ದರು. ಅಜ್ಜ ಎದ್ದು ಧೋತರ ಕೊಡವಿಕೊಂಡರು.

“ಆ ಐದು ಹೂವಂದ್ರಲ್ಲ, ಅವು ಈಗಿನ ಎಷ್ಟು ರೂಪಾಯಿ ಆಗ್ತಾವ್ರಿ?”