ಗೋಡೆಯೊಳಗಿನ ಕೆಲಸಕ್ಕೆ ಹೊಣೆ ಯಾರು?

ಮನೆ ಕಟ್ಟಿಸುವವನು ಮೇಸ್ತ್ರಿಯ ಗಾರೆಯನ್ನು ಉಗುರಿನಿಂದ ಕೆದಕಿ ನೋಡಬಲ್ಲನು. ಬಡಗಿ ನಿಲ್ಲಿಸಿದ ಬಾಗಿಲನ್ನು ನಾಲ್ಕು ಸಲ ತೆಗೆದು ಮುಚ್ಚಿ ಅದರ ಹದವನ್ನು ಅರಿಯಬಲ್ಲನು. ಬಣ್ಣ ಸಮನಾಗಿ ಕೂತಿದೆಯೋ ಇಲ್ಲವೋ ಎಂಬುದನ್ನು ಹಗಲ ಬೆಳಕಿನಲ್ಲಿ ನಿಂತು ನಿರ್ಣಯಿಸಬಲ್ಲನು. ಆದರೆ ಅದೇ ಮನೆಯ ತಾರಸಿಯ ಕಾಂಕ್ರೀಟಿನೊಳಗೆ, ಗೋಡೆಯ ಗಿಲಾವಿನ ಹಿಂದೆ, ಅಂಗಳದ ಅರ್ಥಿಂಗ್ ಗುಂಡಿಯಲ್ಲಿ ಸೇರಿ ಮರೆಯಾಗಿಬಿಡುವ ವಿದ್ಯುತ್ತಿನ ಕೆಲಸವನ್ನು ಪರೀಕ್ಷಿಸತಕ್ಕ ಕಣ್ಣಾಗಲಿ ಕೈಯಾಗಲಿ ಅವನಿಗಿಲ್ಲ. ಗುಂಡಿ ಒತ್ತಿದಾಗ ದೀಪ ಹತ್ತಿತೆಂದರೆ ಕೆಲಸ ಸರಿಯಾಯಿತೆಂದು ಅವನು ಸಮಾಧಾನ ತಾಳುತ್ತಾನೆ. ದೀಪವಾದರೋ ಕೆಟ್ಟ ಕೆಲಸದಲ್ಲಿಯೂ ಅಷ್ಟೇ ಚೆನ್ನಾಗಿ ಹತ್ತುತ್ತದೆ. ಬೆಂಗಳೂರಿನಂಥ ನಗರದಲ್ಲಿ ಈ ಕಸುಬಿಗೆ ಲೈಸೆನ್ಸು, ಪರ್ಮಿಟ್ಟು, ಪರೀಕ್ಷಾ ವರದಿ ಎಂಬ ಕಟ್ಟುಪಾಡುಗಳು ಏಕೆ ಹುಟ್ಟಿದವೆಂಬ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಕಾಣದ ಕೆಲಸಕ್ಕೆ ಕಾಣುವ ಹೆಸರೊಂದನ್ನು ಕಟ್ಟುವುದೇ ಆ ಕಾನೂನಿನ ಒಟ್ಟು ಉದ್ದೇಶ.

ನಮ್ಮ ನಾಡಿಗೆ ವಿದ್ಯುತ್ತಿನ ಪರಿಚಯ ಬೇಗನೆ ಆಯಿತು. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಶಕ್ತಿ ಸುಮಾರು 147 ಕಿಲೋಮೀಟರುಗಳ ತಂತಿಮಾರ್ಗವನ್ನು ದಾಟಿ ಕೋಲಾರದ ಚಿನ್ನದ ಗಣಿಗಳನ್ನು ಸೇರಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಬೀದಿಯ ಕಂಬದ ಮೇಲೆ ಇರುವಷ್ಟು ಕಾಲ ಆ ಶಕ್ತಿಯನ್ನು ನೋಡಿಕೊಳ್ಳುವ ಹೊಣೆ ಸರ್ಕಾರದ ಇಂಜಿನಿಯರುಗಳದಾಗಿತ್ತು; ಅದು ಮನೆಯ ಹೊಸ್ತಿಲು ದಾಟಿ ಪಡಸಾಲೆಗೂ ಅಡಿಗೆಮನೆಗೂ ಬಚ್ಚಲಿಗೂ ಕಾಲಿಟ್ಟ ಮೇಲೆ, ಮೀಟರಿನಿಂದ ಈಚೆಗೆ ಯಾರು ಹೊಣೆ ಎಂಬ ಪ್ರಶ್ನೆ ಎದ್ದಿತು. 1910ರ ಭಾರತೀಯ ವಿದ್ಯುಚ್ಛಕ್ತಿ ಕಾಯಿದೆಯ ಆಶ್ರಯದಲ್ಲಿ ರಚಿತವಾದ ನಿಯಮಗಳು, ವಿಶೇಷವಾಗಿ 1956ರ ನಿಯಮಾವಳಿಯ 45ನೆಯ ನಿಯಮ, ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರವನ್ನು ಕೊಟ್ಟವು. ಆ ಬಳಿಕ 2003ರಲ್ಲಿ ಹೊಸ ವಿದ್ಯುಚ್ಛಕ್ತಿ ಕಾಯಿದೆ ಬಂದಿತು. ಅದರ 53ನೆಯ ಪ್ರಕರಣದ ಮೇರೆಗೆ ಕೇಂದ್ರ ವಿದ್ಯುತ್ ಪ್ರಾಧಿಕಾರವು 2010ರಲ್ಲಿ ಸುರಕ್ಷತಾ ವಿನಿಯಮಗಳನ್ನು ಹೊರಡಿಸಿತು. 2023ರಲ್ಲಿ ಅವುಗಳ ಸ್ಥಾನಕ್ಕೆ ಮತ್ತೆ ಹೊಸವು ಬಂದವು. ಹೆಸರುಗಳೂ ಸಂಖ್ಯೆಗಳೂ ಇಷ್ಟು ಸಲ ಬದಲಾದರೂ ಮೂಲದ ತತ್ತ್ವ ಮಾತ್ರ ಕದಲದೆ ನಿಂತಿದೆ.

ಆ ತತ್ತ್ವದ ಪ್ರಕಾರ ಕಟ್ಟಡದ ವಿದ್ಯುತ್ ಕೆಲಸಕ್ಕೆ, ಅದು ಹೊಸದಾಗಿರಲಿ, ಹಳೆಯದಕ್ಕೆ ಸೇರಿಸುವುದಾಗಿರಲಿ, ಮಾರ್ಪಾಟಾಗಿರಲಿ, ರಿಪೇರಿಯಾಗಿರಲಿ, ಮೂರು ಹಂತದ ಜನ ಬೇಕು. ಮೊದಲನೆಯವನು ರಾಜ್ಯ ಸರ್ಕಾರದ ಲೈಸೆನ್ಸನ್ನು ಪಡೆದ ಗುತ್ತಿಗೆದಾರ. ಕೆಲಸವನ್ನು ಒಪ್ಪಿಕೊಳ್ಳುವವನೂ ಅದಕ್ಕೆ ಕಾನೂನಿನ ಮುಂದೆ ಉತ್ತರ ಹೇಳುವವನೂ ಅವನೇ. ಎರಡನೆಯವನು ಅರ್ಹತಾಪತ್ರ ಪಡೆದ ಮೇಲ್ವಿಚಾರಕ, ಎಂದರೆ ಸೂಪರ್‌ವೈಸರು. ಕೆಲಸ ನಡೆಯುವುದು ಅವನ ನೇರವಾದ ಕಣ್ಗಾಪಿನಲ್ಲಿ. ಮೂರನೆಯವನು ಪರ್ಮಿಟ್ ಪಡೆದ ವೈರ್‌ಮನ್. ತಂತಿಯನ್ನು ಎಳೆಯುವ, ಗಂಟು ಹಾಕುವ, ಬಿಗಿಯುವ ಕೈ ಅವನದು. ಕರ್ನಾಟಕದಲ್ಲಿ ಈ ಮೂವರಿಗೂ ಪತ್ರಗಳನ್ನು ಕೊಡುವುದು ಮುಖ್ಯ ವಿದ್ಯುತ್ ಪರಿವೀಕ್ಷಕರ ಅಧೀನದಲ್ಲಿರುವ ವಿದ್ಯುತ್ ಪರಿವೀಕ್ಷಣಾಲಯ. ಕರೆಂಟನ್ನು ಮಾರುವ ಬೆಸ್ಕಾಂ ಬೇರೆ, ಕೆಲಸಗಾರರ ಅರ್ಹತೆಯನ್ನೂ ಕಟ್ಟಡಗಳ ಸುರಕ್ಷತೆಯನ್ನೂ ನೋಡುವ ಪರಿವೀಕ್ಷಣಾಲಯ ಬೇರೆ ಎಂಬ ಈ ವಿಭಜನೆಯನ್ನು ಸಾಮಾನ್ಯ ಗ್ರಾಹಕರು ಗಮನಿಸುವುದು ಅಪೂರ್ವವಾದರೂ, ಮಾರುವವನೇ ತೂಗುವವನಾಗಬಾರದೆಂಬ ವಿವೇಕ ಅದರಲ್ಲಿ ಅಡಗಿದೆ.

ಕಾನೂನು ಇಷ್ಟು ಕಟ್ಟುನಿಟ್ಟಾಗಿದೆಯೆಂದು ಗೃಹಸ್ಥರು ಗಾಬರಿಗೊಳ್ಳಬೇಕಾದುದಿಲ್ಲ. ಸುಟ್ಟುಹೋದ ಬಲ್ಬನ್ನು ಬದಲಾಯಿಸುವುದಕ್ಕೂ, ಫ್ಯಾನು, ಫ್ಯೂಸು, ಸ್ವಿಚ್ಚುಗಳ ಜಾಗದಲ್ಲಿ ಅಂಥವೇ ಬೇರೆಯವನ್ನು ಕೂಡಿಸುವುದಕ್ಕೂ ಈ ಮೂವರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಇಂಥ ಬದಲಾವಣೆಯಿಂದ ವ್ಯವಸ್ಥೆಯ ಸಾಮರ್ಥ್ಯವಾಗಲಿ ಸ್ವರೂಪವಾಗಲಿ ಮಾರ್ಪಡದಿದ್ದರೆ ಸಾಕೆಂದು ನಿಯಮವೇ ವಿನಾಯಿತಿ ಕೊಟ್ಟಿದೆ. ಆದರೆ ಬಚ್ಚಲಿನಲ್ಲಿ ದೀಪಕ್ಕಾಗಿ ಎಳೆದಿದ್ದ ತಂತಿಗೆ ಗೀಸರನ್ನು ಜೋಡಿಸುವುದು ಈ ವಿನಾಯಿತಿಗೆ ಒಳಪಡುವುದಿಲ್ಲ. 2,000 ವ್ಯಾಟಿನ ಗೀಸರು 230 ವೋಲ್ಟಿನಲ್ಲಿ ಹತ್ತಿರಹತ್ತಿರ 9 ಆಂಪೇರ್ ಎಳೆಯುತ್ತದೆ. 60 ವ್ಯಾಟಿನ ಹಳೆಯ ಬಲ್ಬು ಎಳೆಯುತ್ತಿದ್ದುದು ಕಾಲು ಆಂಪೇರಿಗಿಂತ ತುಸು ಹೆಚ್ಚು. ಕರೆಂಟು ಎರಡರಷ್ಟಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕರಷ್ಟಾಗುತ್ತದೆಂಬುದು ಭೌತಶಾಸ್ತ್ರದ ನಿಯಮ. ಮನೆಯ ಯಜಮಾನನ ಉಳಿತಾಯದ ಇಚ್ಛೆಗೆ ಅದು ಮಣಿಯುವುದಿಲ್ಲ.

ಅರ್ಹತೆಯಿಲ್ಲದ ಕೈ ಎಲ್ಲಿ ತಪ್ಪುತ್ತದೆಂಬುದನ್ನು ತಿಳಿಯಲು ಒಂದು ಸ್ವಿಚ್ಚನ್ನು ನೋಡಿದರೆ ಸಾಕು. ಸ್ವಿಚ್ಚು ಯಾವಾಗಲೂ ಫೇಸಿನ ತಂತಿಯಲ್ಲಿರಬೇಕು, ನ್ಯೂಟ್ರಲಿನಲ್ಲಿ ಒಂಟಿಯಾಗಿ ಇರಕೂಡದು. ಅದನ್ನು ತಿರುವುಮುರುವು ಮಾಡಿದರೂ ದೀಪ ಹತ್ತುತ್ತದೆ, ಆರುತ್ತದೆ. ಹೊರಗಿನಿಂದ ನೋಡುವವರಿಗೆ ಏನೇನೂ ವ್ಯತ್ಯಾಸ ಕಾಣುವುದಿಲ್ಲ. ಆದರೆ ದೀಪ ಆರಿದ ಮೇಲೂ ಹೋಲ್ಡರಿನಲ್ಲಿ ಕರೆಂಟು ಹಾಗೆಯೇ ನಿಂತಿರುತ್ತದೆ. ಸ್ವಿಚ್ಚು ಆರಿಸಿದ್ದೇನೆಂಬ ಧೈರ್ಯದಿಂದ ಸ್ಟೂಲು ಹತ್ತಿ ಬಲ್ಬು ಬಿಚ್ಚಹೊರಟವನ ಬೆರಳು ಅದಕ್ಕೆ ತಗಲುತ್ತದೆ. ಅರ್ಥಿಂಗ್ ತಂತಿಯೂ ಇಂಥದೇ. ಅದನ್ನು ಎಲ್ಲಿಯೂ ಜೋಡಿಸದೆ ಗೋಡೆಯ ಡಬ್ಬಿಯಲ್ಲಿ ಸುತ್ತಿ ಬಿಟ್ಟಿದ್ದರೂ ಫ್ರಿಜ್ಜು ತಂಪು ಮಾಡುತ್ತಲೇ ಇರುತ್ತದೆ. ಒಂದು ದಿನ ಅದರ ಲೋಹದ ಮೈಗೆ ಸೋರಿಕೆಯಾದಾಗ ಮಾತ್ರ ಆ ತಂತಿಯ ಬೆಲೆ ತಿಳಿಯುತ್ತದೆ. ಇಂಥ ಸೋರಿಕೆಯನ್ನು ಹಿಡಿದು ಕಡಿಯುವ ಆರ್‌ಸಿಸಿಬಿ ಎಂಬ ಸಾಧನ ಮನೆಗಳಲ್ಲಿ ಸಾಮಾನ್ಯವಾಗಿ 30 ಮಿಲಿ ಆಂಪೇರಿನದು. ಮನುಷ್ಯನ ಪ್ರಾಣದ ಮೇರೆ ಎಷ್ಟು ಕಿರಿದೆಂಬುದು ಆ ಅಂಕಿಯಿಂದ ವಿದಿತವಾಗುತ್ತದೆ.

ಮೇಲ್ವಿಚಾರಕನ ಕಣ್ಣು ಅತ್ಯಂತ ಅವಶ್ಯವಾಗುವ ಹೊತ್ತು ತಾರಸಿಗೆ ಕಾಂಕ್ರೀಟ್ ಹಾಕುವ ಹಿಂದಿನ ದಿನ. ಕಬ್ಬಿಣದ ಸರಳುಗಳ ನಡುವೆ ಪೈಪುಗಳನ್ನು ಹಾಯಿಸಿ, ಫ್ಯಾನಿನ ಡಬ್ಬಿಗಳನ್ನು ಕೂಡಿಸಿ, ತಂತಿಯಿಂದ ಕಟ್ಟಿರುತ್ತಾರೆ. ಬೆಳಗಾದರೆ ಕೂಲಿಯವರು ಅದರ ಮೇಲೆಯೇ ನಡೆದಾಡುತ್ತಾರೆ. ಯಾವ ಪೈಪು ಕಾಲಿಗೆ ಸಿಕ್ಕಿ ಜಜ್ಜಿದೆ, ಯಾವ ಬೆಂಡು ಬಾಯಿ ಬಿಟ್ಟಿದೆ, ಎಷ್ಟು ತಂತಿಗಳನ್ನು ಒಂದೇ ಪೈಪಿನಲ್ಲಿ ತುರುಕುವ ಯೋಚನೆಯಿದೆ ಎಂಬುದನ್ನು ಆಗ ನೋಡಿದವನು ಮಾತ್ರ ನೋಡಬಲ್ಲನು. ಕಾಂಕ್ರೀಟ್ ಬಿದ್ದ ಮೇಲೆ ಬ್ರಹ್ಮನಿಗೂ ಅದು ಕಾಣದು.

ಹೀಗೆ ಮರೆಯಾದುದನ್ನು ಕೊನೆಯಲ್ಲಿ ಮಾತನಾಡಿಸುವ ಉಪಾಯವೊಂದಿದೆ. ಮೆಗ್ಗರ್ ಎಂಬ ಉಪಕರಣದಿಂದ 500 ವೋಲ್ಟಿನ ಏಕಮುಖ ವಿದ್ಯುತ್ತನ್ನು ಒಂದು ನಿಮಿಷ ಕಾಲ ಹಾಯಿಸಿ, ತಂತಿಗೂ ಭೂಮಿಗೂ ನಡುವಣ ನಿರೋಧವನ್ನು ಅಳೆಯುತ್ತಾರೆ. ಅದು ಒಂದು ಮೆಗಾಓಮ್‌ಗಿಂತ ಕಡಿಮೆಯಿರಬಾರದು. ಈ ಪರೀಕ್ಷೆಯ ಫಲವನ್ನೂ ಅರ್ಥಿಂಗಿನ ಅಳತೆಯನ್ನೂ ಬರೆದು, ಗುತ್ತಿಗೆದಾರ ಸಹಿ ಮಾಡಿ ಕೊಡುವ ಪೂರ್ಣತಾ ವರದಿಯೇ ಮೀಟರಿಗಾಗಿ ಬೆಸ್ಕಾಂ ಕಚೇರಿಗೆ ಹೋಗುವ ಕಾಗದಗಳಲ್ಲಿ ಹೃದಯಪ್ರಾಯವಾದದ್ದು. ಕಟ್ಟಡದ ಎತ್ತರ 15 ಮೀಟರನ್ನು ಮೀರಿದರೆ ವಿಧಿ ಇನ್ನೂ ಬಿಗಿಯಾಗುತ್ತದೆ. ಪರಿವೀಕ್ಷಣಾಲಯಕ್ಕೆ ಮುಂಚಿತವಾಗಿ ಲಿಖಿತ ಸೂಚನೆ ಕೊಟ್ಟು ಒಪ್ಪಿಗೆಯನ್ನು ಪಡೆಯದೆ ಅಲ್ಲಿಗೆ ಕರೆಂಟು ಬರತಕ್ಕದ್ದಲ್ಲ. ಗಣೇಶನ ಪೆಂಡಾಲಿನ ನಾಲ್ಕು ದಿನದ ದೀಪಗಳೂ ತಾತ್ಕಾಲಿಕ ಸಂಪರ್ಕಕ್ಕೆ ಅರ್ಜಿ ಹಾಕಿಯೇ ಹತ್ತಬೇಕೆಂಬುದನ್ನು ಭಕ್ತಿಯ ಭರದಲ್ಲಿ ಅನೇಕರು ಮರೆಯುತ್ತಾರೆ.

ಇಷ್ಟೆಲ್ಲ ಚೆನ್ನಾಗಿ ಬರೆದ ಕಾನೂನು ಆಚರಣೆಯಲ್ಲಿ ಸೋರುವುದು ಸಹಿಯ ಬಳಿಯಲ್ಲಿಯೇ. ಕೆಲಸವನ್ನು ಮಾಡಿದವನೊಬ್ಬ, ಕಾಗದದಲ್ಲಿ ಹೆಸರಿರುವವನೊಬ್ಬ ಎಂಬ ಏರ್ಪಾಡು ನಗರದಲ್ಲಿ ಯಾರಿಗೂ ಹೊಸತಲ್ಲ. ಬಿಲ್ಡರಿನ ಕಡೆಯ ಎಲೆಕ್ಟ್ರಿಷಿಯನ್ ಎರಡು ಮೂರು ಹುಡುಗರನ್ನಿಟ್ಟುಕೊಂಡು ವೈರಿಂಗ್ ಮುಗಿಸುತ್ತಾನೆ. ಕೊನೆಗೆ ಲೈಸೆನ್ಸ್ ಉಳ್ಳವರೊಬ್ಬರ ಹತ್ತಿರ ಹೋಗಿ, ಇಂತಿಷ್ಟೆಂದು ಕೊಟ್ಟು, ಸಹಿ ಮೊಹರು ಹಾಕಿಸಿಕೊಂಡು ಬರುತ್ತಾನೆ. ಮೆಗ್ಗರನ್ನು ಮುಟ್ಟದೆಯೇ ವರದಿಯ ಅಂಕಣಗಳು ತುಂಬುತ್ತವೆ. ಇಲ್ಲಿ ಹುಡುಗರ ಕೈಚಳಕ ಕಡಿಮೆಯೆಂದು ಹೇಳಲಾಗದು. ಎಷ್ಟೋ ಪರ್ಮಿಟ್ಟಿಲ್ಲದ ಕೈಗಳು ಪರ್ಮಿಟ್ಟಿರುವ ಕೈಗಳಿಗಿಂತ ಅಚ್ಚುಕಟ್ಟಾಗಿ ದುಡಿಯುತ್ತವೆ. ಅಂಥವರು ಪರೀಕ್ಷೆಗೆ ಕೂತು ಪರ್ಮಿಟ್ ಪಡೆದರೆ ಅವರ ಕೂಲಿಗೂ ಮಾನಕ್ಕೂ ಒಳ್ಳೆಯದು. ಆದರೆ ಕೌಶಲ ಒಂದು, ಹೊಣೆ ಇನ್ನೊಂದು. ಅವಘಡವಾದ ಬಳಿಕ ಪರಿವೀಕ್ಷಕರು ಬಂದು ಕೇಳುವ ಮೊದಲ ಪ್ರಶ್ನೆ ಕೆಲಸ ಯಾರದೆಂಬುದು. ಬಾಡಿಗೆಯ ಸಹಿ ಆ ಪ್ರಶ್ನೆಗೆ ಸುಳ್ಳು ಉತ್ತರವನ್ನು ಮೊದಲೇ ಬರೆದಿಟ್ಟಿರುತ್ತದೆ.

ಈ ಸುಳ್ಳಿನಲ್ಲಿ ಮನೆಯ ಯಜಮಾನನ ಪಾಲೂ ಉಂಟು. ಟೈಲ್ಸಿನ ಬಣ್ಣಕ್ಕಾಗಿ ಮೂರು ಅಂಗಡಿ ಅಲೆಯುವ ನಾವು, ವೈರಿಂಗಿನ ಮಾತು ಬಂದಾಗ ಪಾಯಿಂಟಿಗೆ ಎಷ್ಟು ಎಂದು ಕೇಳುವುದರಾಚೆಗೆ ಹೋಗುವುದಿಲ್ಲ. ಕೇಳತಕ್ಕದ್ದು ಬಹಳವೇನೂ ಇಲ್ಲ. ಗುತ್ತಿಗೆದಾರನ ಲೈಸೆನ್ಸ್ ಯಾವ ದರ್ಜೆಯದು, ಅದರ ಅವಧಿ ಮುಗಿದಿಲ್ಲವಷ್ಟೆ, ಸೂಪರ್‌ವೈಸರು ಯಾರು, ತಾರಸಿ ಹಾಕುವ ಮುನ್ನ ಅವರು ಒಮ್ಮೆ ಬರುತ್ತಾರೆಯೇ, ಮೆಗ್ಗರ್ ಪರೀಕ್ಷೆ ನಮ್ಮ ಎದುರಿನಲ್ಲಿ ನಡೆಯುತ್ತದೆಯೇ, ಪೈಪುಗಳ ದಾರಿಯನ್ನು ತೋರಿಸುವ ನಕ್ಷೆಯೊಂದನ್ನು ಕೊಡುತ್ತಾರೆಯೇ ಎಂಬಿಷ್ಟು ಸಾಕು. ಕೇಳುವವರು ಇದ್ದಾರೆಂದು ತಿಳಿದರೆ ಸಹಿ ಮಾಡುವವರು ಜಾಗಕ್ಕೆ ಬರುತ್ತಾರೆ. ಸರ್ಕಾರ ಕೊಡುವ ಲೈಸೆನ್ಸು ಒಬ್ಬ ಮನುಷ್ಯನಿಗೆ ಅರ್ಹತೆಯಿದೆಯೆಂದು ಹೇಳಬಲ್ಲುದೇ ಹೊರತು ಅವನು ನಮ್ಮ ಮನೆಯ ಮೆಟ್ಟಿಲು ಹತ್ತಿದನೆಂದು ಹೇಳಲಾರದು. ಅದನ್ನು ನೋಡಿಕೊಳ್ಳುವ ಕೆಲಸ ಆ ಗೋಡೆಗಳ ನಡುವೆ ಮಕ್ಕಳು ಮರಿಗಳೊಡನೆ ಬಾಳಬೇಕಾದ ನಮ್ಮದೇ.